ಮಾಕುಟ್ಟ ಇಳಿದು, ಸಂಪಾಜೆ ಹತ್ತಿ: ಕೊಡಗಿನಿಂದ ಒಂದು ಕಡಲ ಸುತ್ತು

ಕೊಡಗಿನವರಿಗೆ ಕಡಲು ಅಂದರೆ ಸಾಮಾನ್ಯವಾಗಿ ಮಂಗಳೂರು. ಸಂಪಾಜೆ ಘಾಟಿ ಇಳಿದು, ಪಣಂಬೂರಿನಲ್ಲಿ ಕಾಲು ನೆನೆಸಿಕೊಂಡು, ಅದೇ ದಾರಿಯಲ್ಲಿ ವಾಪಸ್. ನಾನು ಹೇಳಹೊರಟಿರುವುದು ಬೇರೆ ದಾರಿ. ಮಡಿಕೇರಿಯಿಂದ ವಿರಾಜಪೇಟೆಗೆ ಬಂದು ಮಾಕುಟ್ಟ ಘಾಟಿ ಇಳಿದು ತಲಶ್ಶೇರಿ ಸೇರುವುದು. ಅಲ್ಲಿಂದ ಕಣ್ಣೂರು, ಬೇಕಲ, ಕಾಸರಗೋಡು ಎಂದು ತೀರದುದ್ದಕ್ಕೂ ಉತ್ತರಕ್ಕೆ ಸಾಗಿ, ಜಾಲ್ಸೂರು, ಸುಳ್ಯದ ಮೇಲೆ ಮತ್ತೆ ಮಡಿಕೇರಿ. ಒಟ್ಟು 350 ಕಿ.ಮೀ. ಆಸುಪಾಸು.

ಸುತ್ತನ್ನು ಇದೇ ದಿಕ್ಕಿನಲ್ಲಿ ಮಾಡಿ. ಉತ್ತರಕ್ಕೆ ಹೋಗುವಾಗ ಕಡಲು ನಿಮ್ಮ ಎಡಕ್ಕಿರುತ್ತದೆ. ಎಲ್ಲಿ ಬೇಕಾದರೂ ಎಡಕ್ಕೆ ತಿರುಗಿ ತೀರಕ್ಕೆ ಇಳಿಯಬಹುದು, ಎದುರು ಬರುವ ವಾಹನಗಳನ್ನು ಅಡ್ಡಹಾಯಬೇಕಿಲ್ಲ. ಮಕ್ಕಳು, ಹಿರಿಯರು ಕಾರಿನಲ್ಲಿದ್ದರೆ ಈ ಸಣ್ಣ ಅನುಕೂಲ ದಿನವಿಡೀ ನೆಮ್ಮದಿ ಕೊಡುತ್ತದೆ.

ಪೆರುಂಬಾಡಿ ದಾಟಿದ ಮೇಲೆ ಸುಮಾರು 20 ಕಿ.ಮೀ. ದಟ್ಟ ಕಾಡು. ಅಂಗಡಿ ಇಲ್ಲ, ಮೊಬೈಲ್ ಸಿಗ್ನಲ್ ನಂಬುವಂತಿಲ್ಲ, ಆನೆಗಳ ಓಡಾಟವಿದೆ. ಬೆಳಗಾಗುವ ಮುಂಚೆ ಇಳಿಯುವ ಆತುರ ಬೇಡ, ಬೆಳಕು ಹರಿದ ಮೇಲೆ ಹೊರಡಿ. ಕೇರಳದಲ್ಲಿ ಪೆಟ್ರೋಲ್ ದುಬಾರಿ, ವಿರಾಜಪೇಟೆಯಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ. ಕೂಟುಪುಳ ಗಡಿಯಲ್ಲಿ ಅಬಕಾರಿಯವರ ತಪಾಸಣೆ ಇರುತ್ತದೆ, ಇಲ್ಲಿಂದ ಮದ್ಯ ಒಯ್ಯಬೇಡಿ. ಅಲ್ಲಿ ಸೇತುವೆಯ ಕೆಳಗೆ ಹರಿಯುವುದು ನಮ್ಮದೇ ನೀರು. ದಕ್ಷಿಣ ಕೊಡಗಿನ ಬರಪೊಳೆ ಮುಂದೆ ವಳಪಟ್ಟಣಂ ಹೊಳೆಗೆ ಸೇರಿ, ಕಣ್ಣೂರಿನ ಉತ್ತರಕ್ಕೆ ಕಡಲು ಮುಟ್ಟುತ್ತದೆ. ಕಾವೇರಿ ಪೂರ್ವಕ್ಕೆ ಹೋದಳು ಎಂದು ಹೇಳುತ್ತಲೇ ಬೆಳೆದ ನಾವು ಪಶ್ಚಿಮಕ್ಕೆ ಇಳಿದ ಈ ಹೊಳೆಗಳನ್ನು ಅಷ್ಟಾಗಿ ನೆನೆಯುವುದಿಲ್ಲ. ಈ ಪ್ರಯಾಣ ಅಂಥ ಎರಡು ಹೊಳೆಗಳ ನಡುವಿನದು.

ಇರಿಟ್ಟಿ ದಾಟಿ ಮಟ್ಟನ್ನೂರಿಗೆ ಬಂದರೆ ದಾರಿ ಕವಲೊಡೆಯುತ್ತದೆ. ನೇರ ಕಣ್ಣೂರಿಗೆ ಹೋಗದೆ ಕೂತ್ತುಪರಂಬದ ಕಡೆ ತಿರುಗಿ ತಲಶ್ಶೇರಿಗೆ ಹೋಗಿ. ಹಿಂದೆ ಕೊಡಗಿನ ಕಾಫಿ ಹಡಗು ಏರುತ್ತಿದ್ದ ಬಂದರು ಅದು. ಈಸ್ಟ್ ಇಂಡಿಯಾ ಕಂಪನಿ 1708ರಲ್ಲಿ ಕಟ್ಟಿದ ಕೋಟೆಯನ್ನು ಅರ್ಧ ಗಂಟೆಯಲ್ಲಿ ನೋಡಿ ಮುಗಿಸಬಹುದು. ಊಟ ಮಾತ್ರ ಇಲ್ಲೇ ಆಗಲಿ. ಸಣ್ಣ ಅಕ್ಕಿಯ ತಲಶ್ಶೇರಿ ಬಿರಿಯಾನಿ ನಮ್ಮ ನಾಲಿಗೆಗೆ ಚೆನ್ನಾಗಿ ಒಗ್ಗುತ್ತದೆ. ಬಂಡೆಗೆ ಅಂಟಿಕೊಂಡು ಬೆಳೆಯುವ ಕಲ್ಲುಮ್ಮಕ್ಕಾಯ ಎಂಬ ಕಡಲ ಚಿಪ್ಪು ಸಿಕ್ಕರೆ ಬಿಡಬೇಡಿ.

ಅಲ್ಲಿಂದ ಕಣ್ಣೂರಿನ ಕಡೆ ಬರುವಾಗ ಮುಳಪ್ಪಿಲಂಗಾಡ್ ಸಿಗುತ್ತದೆ. ನಾಲ್ಕು ಕಿ.ಮೀ. ಉದ್ದಕ್ಕೂ ಮರಳಿನ ಮೇಲೆಯೇ ಕಾರು ಓಡಿಸಬಹುದಾದ ತೀರ ಇದು. ಆಚೆ ಸಾಲಾಗಿರುವ ಕರಿಬಂಡೆಗಳು ಅಲೆಯ ಬಿರುಸನ್ನು ತಡೆಯುವುದರಿಂದ ಮರಳು ಗಟ್ಟಿಯಾಗಿ ಕೂತಿದೆ. ಮಳೆಗಾಲದಲ್ಲಿ, ಕಾಮಗಾರಿ ನಡೆಯುವಾಗ ವಾಹನ ಬಿಡುವುದಿಲ್ಲ, ಹೋಗುವ ಮುನ್ನ ಕೇಳಿಕೊಳ್ಳಿ. ಕಡಲಿನ ಇಳಿತದ ಹೊತ್ತು ನೋಡಿಕೊಂಡು ತೀರಕ್ಕೆ ಇಳಿಯಿರಿ. ಇಳಿತ ದಿನಕ್ಕೆ ಎರಡು ಸಲ ಬರುತ್ತದೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ತುಂಬ ಹಿಂದೆ ಸರಿಯುತ್ತದೆ, ಅಷ್ಟೇ ಮೇಲಕ್ಕೂ ಬರುತ್ತದೆ. ಒದ್ದೆಯಾಗಿ ಬಿಗಿದ ಮರಳಿನ ಮೇಲೆ ನಿಧಾನವಾಗಿ ಓಡಿಸಿ, ಮೇಲಿನ ಒಣ ಮರಳಿಗೆ ಚಕ್ರ ಇಳಿಸಿದರೆ ಹೂತುಹೋಗುತ್ತದೆ. ಅದೇ ದಿನ ಕಾರಿನ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಸಿ. ಉಪ್ಪು ಕಬ್ಬಿಣವನ್ನು ಬಿಡುವುದಿಲ್ಲ.

ಮೊದಲ ರಾತ್ರಿ ಕಣ್ಣೂರಿನ ಸಮೀಪ ತೋಟ್ಟಡದ ಕಡೆ ಉಳಿಯಿರಿ. ಈ ತೀರದ ನಿಜವಾದ ರೂಪ ಇರುವುದು ಇಲ್ಲಿ. ಮುರಕಲ್ಲಿನ ಕೆಂಪು ದಿಬ್ಬ ನೇರ ಕಡಲಿಗೆ ಮುರಿದು ಬಿದ್ದಿದೆ, ಬುಡದಲ್ಲಿ ಅಲೆ ಕೊರೆದ ಪೊಟರೆಗಳು, ತುದಿಯವರೆಗೂ ತೆಂಗು. ಕಣ್ಣೂರಿನ ಸಂತ ಆಂಜೆಲೊ ಕೋಟೆಯೂ ಇದೇ ಕಲ್ಲಿನದು. ಪೋರ್ಚುಗೀಸರು 1505ರಲ್ಲಿ ಕಟ್ಟಲು ತೊಡಗಿದ್ದು, ಆಮೇಲೆ ಡಚ್ಚರ ಕೈ, ಅರಕ್ಕಲ್ ಅಲಿರಾಜನ ಕೈ ದಾಟಿ ಬ್ರಿಟಿಷರ ವಶವಾಯಿತು. ಬೆಳಿಗ್ಗೆಯ ಬಿಸಿಲು ಏರುವ ಮೊದಲು ನೋಡಿಬಿಡಿ.

ಬಂಡೆಗಳ ಬಗ್ಗೆ ಒಂದು ಮಾತು, ದಯವಿಟ್ಟು ಗಮನಿಸಿ. ಕೂರುವ ಮೊದಲು ಬಂಡೆ ಒದ್ದೆಯಾಗಿದೆಯೇ ನೋಡಿ. ಒದ್ದೆಯಾಗಿದ್ದರೆ ಅಲೆ ಅಲ್ಲಿಯವರೆಗೂ ಬರುತ್ತದೆ ಎಂದೇ ಅರ್ಥ, ಈಗ ಎಷ್ಟೇ ಶಾಂತವಾಗಿ ಕಂಡರೂ. ಕಪ್ಪು ಪಾಚಿಯ ಮೇಲೆ ಯಾವ ಚಪ್ಪಲಿಯೂ ನಿಲ್ಲದು. ಹೊಳೆಯಲ್ಲಿ ಈಜಿ ಬೆಳೆದ ನಮ್ಮ ಹುಡುಗರಿಗೆ ಧೈರ್ಯ ಜಾಸ್ತಿ. ಹೊಳೆಯ ಸೆಳೆತ ಕೆಳಕ್ಕೆ ಒಯ್ದರೂ ದಡ ಎರಡೂ ಕಡೆ ಇರುತ್ತದೆ. ಕಡಲು ಒಳಕ್ಕೆ ಎಳೆಯುತ್ತದೆ. ಸಿಕ್ಕಿಕೊಂಡರೆ ದಡದತ್ತ ನೇರ ಈಜಿ ದಣಿಯಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಇಳಿಯುವ ಮಾತೇ ಬೇಡ.

ಕಣ್ಣೂರಿನಿಂದ ಮುಂದೆ ರಾಷ್ಟ್ರೀಯ ಹೆದ್ದಾರಿ 66. ಪಯ್ಯನ್ನೂರಿನವರೆಗೆ, ಅದರಾಚೆಗೂ ಅದನ್ನೇ ಹಿಡಿಯಿರಿ. ಆದರೆ ಆರು ಪಥದ ಆ ರಸ್ತೆಯಲ್ಲಿ ಕಡಲು ಕಾಣುವುದಿಲ್ಲ. ಹೆದ್ದಾರಿಯಲ್ಲೇ ಕಾಸರಗೋಡು ಮುಟ್ಟಿದವರು ಈ ಪ್ರಯಾಣ ಮಾಡಿಯೇ ಇಲ್ಲ ಎಂದು ನನ್ನ ಅಭಿಪ್ರಾಯ. ಕಾಞಂಗಾಡಿನಲ್ಲಿ ಅದನ್ನು ಬಿಟ್ಟು, ಬೇಕಲದ ಮೇಲೆ ಹೋಗುವ ಹಳೆಯ ರಾಜ್ಯ ಹೆದ್ದಾರಿಗೆ ಬನ್ನಿ. ಮ್ಯಾಪ್ ನಿಮ್ಮನ್ನು ಮತ್ತೆ ಮತ್ತೆ ಹೆದ್ದಾರಿಗೆ ಕರೆಯುತ್ತದೆ, ಕೇಳಬೇಡಿ.

ಬೇಕಲ ಕೋಟೆಗೆ ಅರ್ಧ ದಿನ ಇಡಿ. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ್ದು, ಸುಮಾರು 40 ಎಕರೆ, ಕೇರಳದ ಅತಿ ದೊಡ್ಡ ಕೋಟೆ. ಕಡಲಿನೊಳಕ್ಕೆ ಚಾಚಿದ ಕೊತ್ತಲದ ಕಿಂಡಿಗಳಿಂದ ನೋಡಿದರೆ ಅಂದಿನ ಕಾವಲಿನ ಲೆಕ್ಕಾಚಾರ ತಾನಾಗಿ ಅರ್ಥವಾಗುತ್ತದೆ. ಒಳಗೆ ನೆರಳು ಕಡಿಮೆ, ನೀರು, ಟೋಪಿ ಇರಲಿ. ಸಂಜೆಗೆ ಬಾಗಿಲು ಮುಚ್ಚುತ್ತಾರೆ, ಸೂರ್ಯಾಸ್ತಕ್ಕೆ ಪಕ್ಕದ ಕಾಪ್ಪಿಲ್ ತೀರಕ್ಕೆ ಹೋಗಿ. ಎರಡನೇ ರಾತ್ರಿ ಇಲ್ಲೇ. ಕಾಸರಗೋಡಿನ ಕಡೆ ಹೋದಂತೆ ಕನ್ನಡ ಕಿವಿಗೆ ಬೀಳತೊಡಗುತ್ತದೆ. 1956ರವರೆಗೆ ಇದು ದಕ್ಷಿಣ ಕನ್ನಡ ಜಿಲ್ಲೆಯ ಭಾಗವೇ ಆಗಿತ್ತು.

ಕಾಸರಗೋಡಿಗೆ ಮುಂಚೆ ದಾಟುವ ಚಂದ್ರಗಿರಿ ಹೊಳೆ ಬೇರೆ ಯಾರೂ ಅಲ್ಲ, ಕೊಡಗಿನ ಬೆಟ್ಟದಲ್ಲಿ ಹುಟ್ಟಿ ಸಂಪಾಜೆ, ಸುಳ್ಯದ ಮೂಲಕ ಬಂದ ಪಯಸ್ವಿನಿ. ಚೆರ್ಕಳ, ಮುಳ್ಳೇರಿಯ, ಜಾಲ್ಸೂರು ದಾರಿಯಲ್ಲಿ ಸುಳ್ಯಕ್ಕೆ ಬಂದರೆ ಮತ್ತೆ ಅದೇ ಹೊಳೆಯ ಜೊತೆ ಮೇಲಕ್ಕೆ ಹತ್ತುತ್ತೀರಿ.

ನವೆಂಬರ್‌ನಿಂದ ಫೆಬ್ರುವರಿ ಸರಿಯಾದ ಕಾಲ. ಮಳೆಗಾಲದಲ್ಲಿ ಎರಡೂ ಘಾಟಿಗಳಲ್ಲಿ ಗುಡ್ಡ ಕುಸಿಯುವ ಭಯ ಇದ್ದೇ ಇದೆ. 2018ರ ಆಗಸ್ಟ್‌ನಲ್ಲಿ ಸಂಪಾಜೆ ದಾರಿಯ ಜೋಡುಪಾಲದ ಬಳಿ ಗುಡ್ಡ ಕುಸಿದದ್ದು ನಮಗೆಲ್ಲ ಗೊತ್ತು. ಭಾಗಮಂಡಲ, ನಾಪೋಕ್ಲು ಕಡೆಯವರು ಕಾಞಂಗಾಡಿನಿಂದಲೇ ಪಾಣತ್ತೂರು, ಕರಿಕೆ ದಾರಿಯಲ್ಲಿ ಮನೆ ಸೇರಬಹುದು. ದೂರ ಕಡಿಮೆ, ಆದರೆ ರಸ್ತೆ ಕಿರಿದು, ತಿರುವು ಬಹಳ. ಆ ದಾರಿ ಹಿಡಿಯುವುದಾದರೆ ಕಾಞಂಗಾಡನ್ನು ಮಧ್ಯಾಹ್ನದ ಊಟ ಮುಗಿದ ಕೂಡಲೇ ಬಿಡಿ, ಕರಿಕೆಯ ಕಾಡನ್ನು ಬೆಳಕಿರುವಾಗಲೇ ದಾಟಬೇಕು.