ಮೊತ್ತ ಹೇಳುವ ವಕೀಲರು, ಪ್ರಶ್ನೆ ಕೇಳುವ ವಕೀಲರು

ಅಪಘಾತ ಪರಿಹಾರದ ಪ್ರಕರಣಕ್ಕೆ ವಕೀಲರನ್ನು ಹುಡುಕುತ್ತಿರುವವರಿಗೆ ನಾನು ಹೇಳುವ ಅಳತೆಗೋಲು ಒಂದೇ. ಕಾಗದಪತ್ರ ನೋಡುವ ಮೊದಲೇ “ಇಷ್ಟು ಲಕ್ಷ ಕೊಡಿಸುತ್ತೇನೆ” ಎನ್ನುವವರಿಗೆ ನಮಸ್ಕಾರ ಹೇಳಿ ಎದ್ದು ಬನ್ನಿ. “ಪೆಟ್ಟಾಗುವ ಮೊದಲು ಏನು ಕೆಲಸ ಮಾಡುತ್ತಿದ್ದಿರಿ, ಆ ಕೆಲಸಕ್ಕೆ ಮೈಯ ಯಾವ ಭಾಗ ಬೇಕಾಗುತ್ತಿತ್ತು?” ಎಂದು ಕೇಳುವವರ ಎದುರು ನೆಮ್ಮದಿಯಿಂದ ಕುಳಿತುಕೊಳ್ಳಿ.

ಲೆಕ್ಕಪತ್ರ ತಪಾಸಣೆ ನನ್ನ ಹೊಟ್ಟೆಪಾಡು. ಆಧಾರವಿಲ್ಲದ ಅಂಕಿ ಕಂಡರೆ ನನಗೆ ಸಿಟ್ಟು ಬರುತ್ತದೆ. ನನ್ನ ತಮ್ಮ ಕಟ್ಟಡಗಳಿಗೆ ವಿದ್ಯುತ್ ವೈರಿಂಗ್ ಮಾಡುವವನು. ಅವನ ಬೈಕಿಗೆ ಸರಕು ಸಾಗಿಸುವ ವಾಹನವೊಂದು ಗುದ್ದಿ ಬಲಗಾಲಿನ ಹರಡು ಪುಡಿಯಾದಾಗ, ವಕೀಲರನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ಹುಡುಕುವ ಮೊದಲೇ ಒಬ್ಬರು ಸಿಕ್ಕರು ಅನ್ನಿ. ಶಸ್ತ್ರಚಿಕಿತ್ಸೆಯ ಅರಿವಳಿಕೆ ಪೂರ್ತಿ ಇಳಿದಿರಲಿಲ್ಲ, ವಾರ್ಡಿನೊಳಗೆ ಒಬ್ಬಾತ ವಕಾಲತ್ತು ಹಿಡಿದುಕೊಂಡು ಬಂದ. ಆತ ವಕೀಲನಲ್ಲ, ವಕೀಲರ ಕಡೆಯವನು. “ಸಹಿ ಒಂದು ಮಾಡಿಸಿ ಅಕ್ಕಾ, ಕೈಯಿಂದ ಒಂದು ರೂಪಾಯಿ ಬೇಡ, ಬಂದ ದುಡ್ಡಿನಲ್ಲಿ ನಮ್ಮ ಪಾಲು ಹಿಡಿದುಕೊಳ್ಳುತ್ತೇವೆ” ಎಂದ. ತಮ್ಮನ ಹೆಸರು, ಗುದ್ದಿದ ವಾಹನದ ನಂಬರು ಎರಡೂ ಅವನಿಗೆ ಬಾಯಿಪಾಠವಾಗಿದ್ದವು. ಎಲ್ಲಿಂದ ತಿಳಿಯಿತು ಎಂದು ಕೇಳಿದ್ದಕ್ಕೆ ನಕ್ಕ.

ಆತ ಹೀಗೆ ಹುಡುಕಿಕೊಂಡು ಬಂದದ್ದೂ, ಪಾಲು ಹಿಡಿದುಕೊಳ್ಳುವ ಮಾತೂ ವಕೀಲಿ ವೃತ್ತಿಯ ನಿಯಮಕ್ಕೆ ವಿರುದ್ಧ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಲ್ಲಿ 36ನೆಯದು, ಮಧ್ಯವರ್ತಿಗಳ ಮೂಲಕ ಕಕ್ಷಿದಾರರನ್ನು ಸೆಳೆಯುವುದನ್ನೂ ಜಾಹೀರಾತು ಕೊಡುವುದನ್ನೂ ನಿಷೇಧಿಸುತ್ತದೆ. 20ನೆಯದು, ಪ್ರಕರಣದ ಫಲಿತಾಂಶಕ್ಕೆ ಶುಲ್ಕವನ್ನು ಕಟ್ಟಿಹಾಕುವುದನ್ನೂ ಬಂದ ಹಣದಲ್ಲಿ ಪಾಲು ಪಡೆಯುವುದನ್ನೂ ನಿಷೇಧಿಸುತ್ತದೆ. ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಅಮೆರಿಕದವು. ಗೆದ್ದರೆ ಮಾತ್ರ ಶುಲ್ಕ ಎನ್ನುವುದು ಅಲ್ಲಿ ಮಾಮೂಲು, ಹಾಗಾಗಿ ಶೇಕಡಾ ಎಷ್ಟು ಎಂದು ಚೌಕಾಸಿ ಮಾಡುವುದನ್ನು ಅವು ಕಲಿಸಿಕೊಡುತ್ತವೆ. ನಮ್ಮ ಕಾನೂನು ಬೇರೆ.

ಹಾಗೆಂದು ಇಲ್ಲಿ ಶೇಕಡಾವಾರು ವ್ಯವಹಾರ ನಡೆಯುವುದೇ ಇಲ್ಲವೆಂದು ನಟಿಸುವುದು ಬೇಡ. ಆಸ್ಪತ್ರೆಯ ಬಿಲ್ಲಿಗೆ ಒಡವೆ ಅಡವಿಟ್ಟವರಿಗೆ ಮುಂಗಡ ಶುಲ್ಕ ಕೊಡಲು ಎಲ್ಲಿಂದ ಬರಬೇಕು? ನನ್ನ ತಕರಾರು ನೀತಿಯದ್ದಕ್ಕಿಂತ ಲೆಕ್ಕದ್ದು. ಪಾಲಿಗೆ ಕೆಲಸ ಮಾಡುವವರಿಗೆ ಬೇಗ ರಾಜಿಯಾಗಿ ಸ್ವಲ್ಪ ಹಣ ಬಂದರೂ ಲಾಭವೇ. ಇನ್ನಷ್ಟು ಕಾಲ ಹೊಡೆದಾಡಿದರೆ ಸಿಗಬಹುದಾದ ಹೆಚ್ಚಿನ ಮೊತ್ತದಲ್ಲಿ ಅವರ ಪಾಲು ಚಿಕ್ಕದು, ನಿಮ್ಮ ಪಾಲು ದೊಡ್ಡದು. ಶುಲ್ಕ ಎಷ್ಟು, ಯಾವ ಹಂತದಲ್ಲಿ ಎಷ್ಟು, ವೈದ್ಯರ ಸಾಕ್ಷ್ಯದ ಖರ್ಚು ಯಾರದು, ಮೇಲ್ಮನವಿ ಬೇರೆಯೇ ಎಂಬುದನ್ನೆಲ್ಲ ಬರೆಸಿಕೊಳ್ಳಿ. ಕೊಟ್ಟಿದ್ದಕ್ಕೆ ರಸೀದಿ ಕೇಳಿ. ಖಾಲಿ ಚೆಕ್ಕಿಗೆ ಸಹಿ ಕೇಳಿದರೆ ಯಾವ ಕಾರಣಕ್ಕೂ ಹಾಕಬೇಡಿ.

ಇನ್ನು ಅಸಲು ವಿಷಯ. ಶಾಶ್ವತವಾಗಿ ಊನವಾದಾಗ ಮುಂದಿನ ಗಳಿಕೆಯ ನಷ್ಟವನ್ನು ಲೆಕ್ಕ ಹಾಕುವ ಸೂತ್ರ ಸರಳ: ವರ್ಷದ ಆದಾಯ, ವಯಸ್ಸಿಗೆ ತಕ್ಕ ಗುಣಕ, ದುಡಿಯುವ ಶಕ್ತಿ ಕುಂದಿದ ಶೇಕಡಾ ಪ್ರಮಾಣ, ಈ ಮೂರನ್ನೂ ಗುಣಿಸಬೇಕು. ಗುಣಕದ ಪಟ್ಟಿಯನ್ನು ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮ ಪ್ರಕರಣದಲ್ಲಿ ಗೊತ್ತುಮಾಡಿದೆ. 31ರಿಂದ 35 ವರ್ಷದವರಿಗೆ 16, 36ರಿಂದ 40ರವರಿಗೆ 15, ಹೀಗೆ ಇಳಿಯುತ್ತ ಹೋಗುತ್ತದೆ. ಅದರಲ್ಲಿ ವಾದಕ್ಕೆ ಜಾಗವಿಲ್ಲ. ಜಗಳವೆಲ್ಲ ಮೂರನೆಯ ಅಂಕಿಯ ಮೇಲೆ.

ವೈದ್ಯರು ಒಂದು ಕಾಲಿಗೆ ಶೇಕಡಾ 45ರಷ್ಟು ವೈಕಲ್ಯ ಎಂದು ಬರೆದರೆ, ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ ಹಿಡಿಯುವ ರೂಢಿ ಇದೆ. ಅಂದರೆ 15. ಸೋಮಾರಿ ವಕೀಲರು ಅಲ್ಲಿಗೇ ನಿಲ್ಲುತ್ತಾರೆ. ಆದರೆ ಸುಪ್ರೀಂ ಕೋರ್ಟಿನ 2010ರ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪು ಹೇಳುವುದೇ ಬೇರೆ. ದೇಹದ ವೈಕಲ್ಯವೂ ಗಳಿಕೆಯ ನಷ್ಟವೂ ಒಂದೇ ಅಲ್ಲ. ಎಡಗೈ ಕಳೆದುಕೊಂಡವನು ಚಾಲಕನೋ ಬಡಗಿಯೋ ಆಗಿದ್ದರೆ ಅವನ ಗಳಿಕೆಯ ನಷ್ಟ ಹೆಚ್ಚುಕಡಿಮೆ ನೂರಕ್ಕೆ ನೂರು, ಸರ್ಕಾರಿ ಗುಮಾಸ್ತನಾಗಿದ್ದರೆ ಕೆಲಸವೇ ಹೋಗದಿರಬಹುದು. ಈ ಉದಾಹರಣೆ ತೀರ್ಪಿನಲ್ಲೇ ಇದೆ.

ನನ್ನ ತಮ್ಮನಿಗೆ 34 ವರ್ಷ. ತಿಂಗಳಿಗೆ 20,000 ರೂಪಾಯಿ ಆದಾಯವೆಂದು ಸಾಬೀತಾದರೆ ವರ್ಷಕ್ಕೆ 2,40,000. ಹದಿನಾರರಿಂದ ಗುಣಿಸಿದರೆ 38,40,000. ಇದರ ಶೇಕಡಾ 15 ಎಂದರೆ 5,76,000 ರೂಪಾಯಿ. ಏಣಿ ಹತ್ತಿ ನಿಲ್ಲಲಾಗದ ವೈರಿಂಗ್ ಕೆಲಸಗಾರನ ನಷ್ಟ ಶೇಕಡಾ 40 ಎಂದು ಅಪಘಾತ ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿಗೆ ಮನವರಿಕೆಯಾದರೆ 15,36,000. ಅದೇ ಕಾಲು, ಅದೇ ಎಕ್ಸ್‌ರೇ. ನಡುವಿನ 9,60,000 ರೂಪಾಯಿ ವಕೀಲರು ಯಾವ ಪ್ರಶ್ನೆ ಕೇಳಿದರು, ಯಾವ ಸಾಕ್ಷ್ಯ ಮುಂದಿಟ್ಟರು ಎಂಬುದರ ಬೆಲೆ. ಇದರ ಮೇಲೆ ಭವಿಷ್ಯದ ಆದಾಯ ಏರಿಕೆಯೊಂದಿದೆ. 40 ವರ್ಷದೊಳಗಿನ ಸ್ವಂತ ದುಡಿಮೆಯವರ ಆದಾಯಕ್ಕೆ ಅದರ ಶೇಕಡಾ 40 ಸೇರಿಸಬೇಕೆಂದು 2017ರ ಪ್ರಣಯ್ ಸೇಥಿ ತೀರ್ಪು ಹೇಳಿತು. ಅದು ಸಾವಿನ ಪ್ರಕರಣವಾದರೂ ಗಾಯಾಳುಗಳಿಗೂ ಇದನ್ನು ಸುಪ್ರೀಂ ಕೋರ್ಟ್ ಅನ್ವಯಿಸಿದೆ. ನಿಮ್ಮ ವಕೀಲರು ಇದನ್ನು ಅರ್ಜಿಯಲ್ಲಿ ಕೇಳುತ್ತಾರೆಯೇ ಎಂದು ವಿಚಾರಿಸಿ. ತಡವರಿಸಿದರೆ ಉತ್ತರ ಸಿಕ್ಕಂತೆಯೇ.

ಕೊನೆಗೆ ನಾವು ಒಪ್ಪಿಸಿದ್ದು ಮಧ್ಯವಯಸ್ಸಿನ ಒಬ್ಬ ವಕೀಲೆಗೆ. ಅವರ ಕಚೇರಿಯಲ್ಲಿ ಫಲಕಗಳೂ ಇಲ್ಲ, ಸನ್ಮಾನದ ಶಾಲು ಹೊದ್ದ ಚಿತ್ರಗಳೂ ಇಲ್ಲ. ತಮ್ಮನನ್ನು ಕೂರಿಸಿ, “ಏಣಿಯ ಮೇಲೆ ನಿಂತು ಎರಡೂ ಕೈಯಲ್ಲಿ ಕೆಲಸ ಮಾಡುವಾಗ ಮೈಭಾರ ಯಾವ ಕಾಲಿನ ಮೇಲೆ ಬೀಳುತ್ತದೆ?” ಎಂದು ಕೇಳಿದರು. ಅವನು ಎದ್ದು, ಊರುಗೋಲು ಹಿಡಿದೇ ನಿಂತು ತೋರಿಸಿದ. ಅವರು ಬರೆದುಕೊಂಡರು. ಗುತ್ತಿಗೆದಾರರಿಂದ ಹಣ ಬಂದ ಬ್ಯಾಂಕ್ ವಿವರ, ಪರವಾನಗಿ, ಜೊತೆಗೆ ದುಡಿದವರ ಹೆಸರು ಕೇಳಿದರು. ಆಮೇಲೆ ಕೇಳಿದ್ದು, “ಗುದ್ದಿದ ವಾಹನಕ್ಕೆ ಆ ದಿನ ವಿಮೆ ಇತ್ತೇ? ಚಾಲಕನ ಪರವಾನಗಿ ಯಾವ ವರ್ಗದ್ದು?” ವಿಮೆಯೇ ಇಲ್ಲದಿದ್ದರೆ ಆದೇಶ ಎಷ್ಟೇ ದೊಡ್ಡದಿದ್ದರೂ ವಾಹನ ಮಾಲೀಕನ ಬೆನ್ನು ಹತ್ತಿ ವಸೂಲಿ ಮಾಡಬೇಕು ಎಂಬುದನ್ನೂ ಮುಚ್ಚಿಡದೆ ಹೇಳಿದರು. ಎಷ್ಟು ಬರಬಹುದೆಂದು ತಮ್ಮ ಕೇಳಿದಾಗ, “ಮೂಳೆ ಕೂಡಿದ ಮೇಲೆ ವೈದ್ಯರು ನೋಡಲಿ, ಅಲ್ಲಿಯವರೆಗೆ ನಾನು ಹೇಳುವುದು ಊಹೆ” ಎಂದರು. ನನಗೆ ಇನ್ನೇನೂ ಬೇಕಿರಲಿಲ್ಲ.

ಅದಕ್ಕೂ ಮೊದಲು ಮಾಡಿದ ಒಂದು ಕೆಲಸವನ್ನು ಎಲ್ಲರಿಗೂ ಶಿಫಾರಸು ಮಾಡುತ್ತೇನೆ. ವಿಚಾರಣೆ ನಡೆಯುವ ಕೋಣೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಅದು ತೆರೆದ ನ್ಯಾಯಾಲಯ, ಯಾರ ಅನುಮತಿಯೂ ಬೇಕಿಲ್ಲ. ವಿಮಾ ಕಂಪನಿಯ ವಕೀಲರು ಪಾಟೀ ಸವಾಲಿನಲ್ಲಿ ವೈದ್ಯರಿಗೆ, “ಚಿಕಿತ್ಸೆ ಕೊಟ್ಟವರು ನೀವಲ್ಲ, ಅಲ್ಲವೇ? ಪ್ರಮಾಣಪತ್ರ ಕೊಡಲು ಮಾತ್ರ ನೋಡಿದ್ದೀರಿ, ಅಲ್ಲವೇ?” ಎಂದು ಕೇಳುವುದನ್ನು ನೋಡಿದೆ. ಅರ್ಜಿದಾರರ ಕಡೆಯ ಕಿರಿಯ ವಕೀಲನಿಗೆ ಕಡತದ ಪರಿಚಯವೇ ಇದ್ದಂತಿರಲಿಲ್ಲ. ಹಿರಿಯರ ಹೆಸರು ನೋಡಿ ಬಂದವರ ಪ್ರಕರಣವನ್ನು ನಡೆಸುವವರು ಹೀಗೆ ಬೇರೆ ಯಾರೋ ಆಗಿರುತ್ತಾರೆ. ಸಾಕ್ಷಿಗಳ ವಿಚಾರಣೆ ಯಾರು ಮಾಡುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ವಕೀಲರ ಹೆಸರಿನಿಂದ ಪ್ರಕರಣಗಳನ್ನು ಹುಡುಕಬಹುದು. ಗೆದ್ದದ್ದೆಷ್ಟು ಸೋತದ್ದೆಷ್ಟು ಎಂದು ಎಣಿಸಬೇಡಿ, ತೀರ್ಪುಗಳನ್ನು ತೆರೆದು ವೈದ್ಯರ ಸಾಕ್ಷ್ಯದ ಬಗ್ಗೆ ಏನು ಬರೆದಿದ್ದಾರೆ ಎಂದು ಓದಿ.

ಒಬ್ಬ ವಕೀಲರು ಔಷಧಿ ಬಿಲ್ಲುಗಳನ್ನು “ಸ್ವಲ್ಪ ದಪ್ಪ ಮಾಡೋಣ” ಎಂದರು. ಅಂಥವರ ಬಗ್ಗೆ ಒಂದೇ ಮಾತು: ಒಂದು ಸುಳ್ಳು ಬಿಲ್ಲು ಸಿಕ್ಕಿಬಿದ್ದರೆ ಉಳಿದ ನಿಜವಾದ ಬಿಲ್ಲುಗಳನ್ನೂ ಯಾರೂ ನಂಬುವುದಿಲ್ಲ.

ಆರಿಸುವ ಹೊತ್ತಿನಲ್ಲಿ ಗಡಿಯಾರವನ್ನೂ ನೋಡುತ್ತಿರಬೇಕು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯಂತೆ, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. 2022ರ ಏಪ್ರಿಲ್ 1ರಂದು ಈ ಮಿತಿ ಜಾರಿಗೆ ಬಂತು. ಅದರ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ, ಆದರೆ ಅದನ್ನು ನಂಬಿಕೊಂಡು ಕೂರಬೇಡಿ. ನೀವು ವಾಸಿಸುವ ಸ್ಥಳದ ನ್ಯಾಯಮಂಡಳಿಯಲ್ಲೂ ಅರ್ಜಿ ಹಾಕಬಹುದು. ಅಪಘಾತ ದೂರದಲ್ಲಾಯಿತೆಂದು ಅಲ್ಲಿಯ ವಕೀಲರನ್ನೇ ಹಿಡಿಯಬೇಕಿಲ್ಲ.

ಶುಲ್ಕ ಕೊಡಲು ಸಾಧ್ಯವೇ ಇಲ್ಲದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವೈಕಲ್ಯವುಳ್ಳವರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. ಲೋಕ ಅದಾಲತ್ತಿನಲ್ಲಿ ರಾಜಿಗೆ ಕರೆದರೆ ಮಾತ್ರ ಮೇಲೆ ಹೇಳಿದ ಗುಣಾಕಾರವನ್ನು ಮನೆಯಲ್ಲೇ ಮಾಡಿಕೊಂಡು ಹೋಗಿ, ಏಕೆಂದರೆ ಅಲ್ಲಿ ಒಪ್ಪಿದ ಮೊತ್ತದ ಮೇಲೆ ಮೇಲ್ಮನವಿ ಇಲ್ಲ. ವಾಯಿದೆಗೆ ಮುಂಚೆ ನಿಮ್ಮ ಜೊತೆ ಕುಳಿತು ಆ ಲೆಕ್ಕ ಮಾಡಲು ಒಪ್ಪದ ವಕೀಲರು, ರಾಜಿ ಮಾಡಿಕೊಳ್ಳಿ ಎಂದು ಸಲಹೆ ಕೊಡಬಾರದು.

ನಡುವೆ ವಕೀಲರನ್ನು ಬದಲಿಸಬೇಕಾದರೆ, ಶುಲ್ಕ ಬಾಕಿಯಿದೆ ಎಂಬ ಕಾರಣಕ್ಕೆ ಅವರು ಕಡತವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. 2000ದ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಆದರೂ ಗಾಯದ ಪ್ರಮಾಣಪತ್ರ, ಆಸ್ಪತ್ರೆಯ ಬಿಡುಗಡೆ ಸಾರಾಂಶ, ಎಕ್ಸ್‌ರೇ, ಬಿಲ್ಲುಗಳು, ಪ್ರಥಮ ವರ್ತಮಾನ ವರದಿ, ಮಹಜರು, ದೋಷಾರೋಪ ಪಟ್ಟಿ ಇವೆಲ್ಲದರ ಪ್ರತಿಗಳನ್ನು ಮಾಡಿಸಿ ನಿಮ್ಮ ಬಳಿ ಇಟ್ಟುಕೊಳ್ಳಿ, ಮೂಲ ಪ್ರತಿ ಕೊಟ್ಟ ದಿನವೇ ಕೊಟ್ಟಿದ್ದಕ್ಕೆ ಒಂದು ಸಹಿ ಹಾಕಿಸಿಕೊಳ್ಳಿ.