ಎರಡು ದಿನದಾಗೆ ಸಿನಿಮಾ ಹೆಂಗ್ರೀ ಮಾಡಿದ್ರಿ?

ನಮ್ಮ ಐದು ನಿಮಿಷದ ಕಿರುಚಿತ್ರ ನೋಡಿದವರೆಲ್ಲ ಕೇಳುವುದು ಇದೊಂದನ್ನೇ. ಮದುವೆ ಮನೆಯಲ್ಲಿ ಕೇಳುತ್ತಾರೆ, ಬೆಣ್ಣೆದೋಸೆಗೆ ಕಾಯುತ್ತ ನಿಂತಾಗಲೂ ಕೇಳುತ್ತಾರೆ. ದೊಡ್ಡ ಕ್ಯಾಮೆರಾ ಇತ್ತೇನೋ, ಎರಡು ರಾತ್ರಿ ಶೂಟಿಂಗ್ ಮಾಡಿದರೇನೋ ಅಂತ ಅವರ ಲೆಕ್ಕ. ಎರಡೂ ಇಲ್ಲ. ನಮಗೆ ಬಾಗಿಲು ತೆಗೆಯುವ ಮನೆಯೊಳಗಿಂದಲೇ ಕಥೆ ತೆಗೆದೆವು, ಶೂಟಿಂಗ್ ಬೇಗ ನಿಲ್ಲಿಸಿದೆವು. ನನ್ನ ಉತ್ತರ ಇಷ್ಟೇ. ಆದರೆ ಹೀಗೆ ಒಂದು ಮಾತಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

48 ಗಂಟೆಯ ಸಿನಿಮಾ ಸ್ಪರ್ಧೆ ಹೊಸದೇನಲ್ಲ. 2001ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಶುರುವಾಗಿ ಊರೂರಿಗೆ ಹರಡಿತು. ಅಲ್ಲಿ ಎಲ್ಲ ತಂಡಗಳಿಗೂ ಒಂದೇ ಪಾತ್ರ, ಒಂದೇ ವಸ್ತು, ಒಂದೇ ಸಂಭಾಷಣೆಯ ಸಾಲು ಕೊಡುತ್ತಾರೆ, ಮೊದಲೇ ಬರೆದಿಟ್ಟ ಕಥೆ ಯಾರೂ ತರಬಾರದು ಅಂತ. ನಾವು ಸೇರಿದ್ದ ಸ್ಪರ್ಧೆಯಲ್ಲಿ ಶುಕ್ರವಾರ ಸಂಜೆ ಏಳಕ್ಕೆ ಬಂದದ್ದು ಒಂದೇ ಪದ: ‘ಬಾಕಿ’. ಭಾನುವಾರ ಸಂಜೆ ಏಳರೊಳಗೆ ಸಿನಿಮಾ ಕಳಿಸಬೇಕು.

ನಾವು ಐದು ಜನ. ಒಬ್ಬ ಮದುವೆ ವಿಡಿಯೋ ಎಡಿಟ್ ಮಾಡುವವನು, ಒಬ್ಬ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವವನು, ಒಬ್ಬ ಆಟೋದವನು, ಇನ್ನೊಬ್ಬಳು ಇಂಜಿನಿಯರಿಂಗ್ ಓದುತ್ತಿದ್ದವಳು, ಮತ್ತೆ ನಾನು. ಮೊದಲ ಮೂರು ತಾಸು ಬರೀ ಜಗಳ. ಆಟೋದವನಿಗೆ ಚಿತ್ರದುರ್ಗದ ಕೋಟೆಯೇ ಆಗಬೇಕು. ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗ, ಶೂಟಿಂಗ್‌ಗೆ ಅನುಮತಿ ಬೇಕು, ಬೆಳಗಾಗುವುದರೊಳಗೆ ಅದನ್ನು ಯಾರು ಕೊಡುತ್ತಾರೆ? ಲೆಕ್ಕ ಬರೆಯುವವನು ಸಾಲಗಾರರು ಬೆನ್ನಟ್ಟುವ ಕಥೆ ಹೇಳಿದ. ಅದಕ್ಕೆ ಹತ್ತು ಜನ ಬೇಕು.

ಹನ್ನೊಂದರ ಹೊತ್ತಿಗೆ ಎಡಿಟಿಂಗ್ ಗೆಳೆಯ ಮೆಲ್ಲಗೆ ಅಂದ: “ನಮ್ಮಜ್ಜ ಈಗಲೂ ಬೆಳಗಿನ ಪಾಳಿ ಟೈಮಿಗೇ ಏಳ್ತಾನೆ. ಮಿಲ್ ಮುಚ್ಚಿ ಎಷ್ಟು ವರ್ಷಾತು!” ಅಲ್ಲಿಗೆ ಕಥೆ ಸಿಕ್ಕಿತು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ದಾವಣಗೆರೆ ನಮ್ಮೂರು. ಬಟ್ಟೆ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು, ಸೈರನ್ ನಿಂತಿತು. ಆದರೂ ಅಜ್ಜನಿಗೆ ಹೊತ್ತಿಗೆ ಸರಿಯಾಗಿ ಎಚ್ಚರವಾಗುತ್ತದೆ. ಬಾಕಿ ಅಂದರೆ ನಮಗೆ ಅದೇ.

ಶನಿವಾರ ಬೆಳಿಗ್ಗೆ ಐದಕ್ಕೆ ಅಜ್ಜನ ಮನೆಯಲ್ಲಿದ್ದೆವು. ನಾಲ್ಕು ಸಾಲು ಮಾತು ಬರೆದುಕೊಂಡು ಹೋಗಿದ್ದೆವು. ಅಜ್ಜ ಎರಡನೇ ಸಾಲಿಗೇ ತಡವರಿಸಿದರು, ಮುಖ ಬಾಡಿತು. ನನಗೆ ಹೊಟ್ಟೆಯಲ್ಲಿ ಸಂಕಟ. ಹಾಳೆ ಮಡಚಿಟ್ಟು, “ಅಜ್ಜಾ, ಮಿಲ್ಲಿನಾಗೆ ನೂಲು ಕಡಿದ್ರೆ ಏನ್ ಮಾಡ್ತಿದ್ರಿ?” ಅಂದೆ. ಅವರು ಸೊಸೆಯ ಹೊಲಿಗೆ ಡಬ್ಬಿಯಿಂದ ಬಿಳಿ ದಾರ ತೆಗೆದು, ಪಟ್ಟನೆ ಕಡಿದು, ಎರಡು ತುದಿಯನ್ನೂ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದರು. ಒಂದು ತುದಿ ಇನ್ನೊಂದರ ಸುತ್ತ ಸುತ್ತಿಕೊಂಡಿದ್ದಷ್ಟೇ ಕಂಡದ್ದು. ಗಂಟು ಬಿದ್ದಿತ್ತು. ನಾವು ಎಷ್ಟು ಹುಡುಕಿದರೂ ದಾರದ ಮೇಲೆ ಕೈಗೆ ಹತ್ತಲಿಲ್ಲ. “ಗಂಟು ದಪ್ಪಾದ್ರೆ ಬಟ್ಟೆ ಮೇಲೆ ಕಾಣ್ತದೆ, ಜಾಬರ್ ಬೈತಿದ್ದ ತಮ್ಮಾ” ಅಂದರು. ಜಾಬರ್ ಅಂದರೆ ಮಿಲ್ಲಿನ ಮೇಸ್ತ್ರಿ. ಕೈ ಮಾತ್ರ ಕಾಣುವ ಹಾಗೆ ಅದನ್ನೇ ಏಳು ಸಲ ತೆಗೆದೆವು. ಸಿನಿಮಾದಲ್ಲಿ ಅಜ್ಜನಿಗೆ ಇರುವುದು ಆ ಒಂದೇ ಮಾತು. ಒಂದು ವಾರ ಸಮಯವಿದ್ದಿದ್ದರೆ ಆ ನಾಲ್ಕು ಸಾಲನ್ನೇ ಅವರಿಗೆ ಬಾಯಿಪಾಠ ಮಾಡಿಸುತ್ತ ಕೂರುತ್ತಿದ್ದೆವು, ಗಂಟು ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಚಹಾದಂಗಡಿ ದೃಶ್ಯದಲ್ಲಿ ಒಂದು ತಾಸು ಕಳೆದುಕೊಂಡೆವು. ಟ್ಯೂಬ್‌ಲೈಟ್ ಕೆಳಗೆ ಫೋನಿನಲ್ಲಿ ಕಪ್ಪು ಪಟ್ಟಿಗಳು ಓಡುತ್ತಿದ್ದವು. ನಮ್ಮ ಕರೆಂಟು 50 ಹರ್ಟ್ಸ್, ಹಳೇ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ಗೊತ್ತಾಗದು, ಕ್ಯಾಮೆರಾಗೆ ಗೊತ್ತಾಗುತ್ತದೆ. ಫೋನನ್ನು ಸೆಕೆಂಡಿಗೆ 25 ಫ್ರೇಮ್‌ಗೆ, ಶಟರನ್ನು, ಅಂದರೆ ಒಂದೊಂದು ಫ್ರೇಮಿಗೂ ಬೆಳಕು ಬೀಳುವ ಹೊತ್ತನ್ನು, ಸೆಕೆಂಡಿನ 1/50ಕ್ಕೆ ಇಟ್ಟ ಕೂಡಲೇ ಪಟ್ಟಿ ಹೋಯಿತು. ಇದನ್ನು ಶುಕ್ರವಾರವೇ ನೋಡಿಕೊಳ್ಳಬೇಕಿತ್ತು.

ಧ್ವನಿಗೆ ಇನ್ನೊಂದು ಫೋನ್ ಅಜ್ಜನ ಅಂಗಿ ಜೇಬಿನಲ್ಲಿ, ಫ್ಯಾನು ಬಂದ್. ಪ್ರತಿ ಶಾಟ್‌ಗೂ ಮೊದಲು ಒಂದು ಚಪ್ಪಾಳೆ, ಆಮೇಲೆ ಚಿತ್ರಕ್ಕೂ ಸದ್ದಿಗೂ ತಾಳೆ ಹಾಕಲು. ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ. ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ.

ಶನಿವಾರ ರಾತ್ರಿ ಒಂಬತ್ತಕ್ಕೆ ಶೂಟಿಂಗ್ ಬಂದ್ ಅಂದೆ. ಇನ್ನೂ 22 ಗಂಟೆ ಇತ್ತು, ಆಟೋದವನು ಸಿಟ್ಟಾದ. ಆದರೆ ಒಬ್ಬರ ಮಾತೇ ಕೊನೆ ಅಂತ ಮೊದಲೇ ಒಪ್ಪಿಕೊಂಡಿದ್ದೆವು. ಸ್ನೇಹ ಉಳಿದದ್ದು ಆ ಒಪ್ಪಂದದಿಂದ. ಭಾನುವಾರ ನಾಲ್ಕಕ್ಕೆ ಎಡಿಟಿಂಗ್ ಮುಗಿಯಿತು. ಎಕ್ಸ್‌ಪೋರ್ಟ್‌ಗೆ ಹಾಕಿದರೆ ಅರ್ಧಕ್ಕೇ ನಿಂತಿತು, ಲ್ಯಾಪ್‌ಟಾಪಿನಲ್ಲಿ ಜಾಗವಿಲ್ಲ. ಹಳೇ ಮದುವೆಗಳ ವಿಡಿಯೋ ಬೇರೆ ಡಿಸ್ಕಿಗೆ ಸರಿಸಿ ಮತ್ತೆ ಹಾಕಿದೆವು. ಕಳಿಸಿದ್ದು ಆರು ಐವತ್ತಕ್ಕೆ. ಬಹುಮಾನ ಬರಲಿಲ್ಲ.

ಹೋದ ತಿಂಗಳು ಹರಿಹರದ ಹುಡುಗನೊಬ್ಬ ಇದೇ ಪ್ರಶ್ನೆ ಇಟ್ಟುಕೊಂಡು ಫೋನ್ ಮಾಡಿದ, ಯಾವ ಕ್ಯಾಮೆರಾ ತಗೊಳ್ಳಲಿ ಅಂತ. ನಾನು ಕೇಳಿದೆ, “ಬೆಳಗ್ಗೆ ಐದಕ್ಕೆ ಹೋದ್ರೆ ಯಾರ ಮನೆಯಾಗೆ ಬಾಗಿಲು ತೆಗೀತಾರೆ ನಿಂಗೆ?” ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮತ್ತಿಗೆ ಟೈಲರಿಂಗ್ ಮಾಡ್ತಾರಣ್ಣ, ಐದಕ್ಕೇ ಮಿಷಿನ್ ಮುಂದೆ ಕೂತಿರ್ತಾರೆ” ಅಂದ. ಹಂಗಾದ್ರೆ ನಾಳೆನೇ ಹೋಗಿ ಆ ಮಿಷಿನ್ ಸದ್ದು ರೆಕಾರ್ಡ್ ಮಾಡ್ಕೊಂಡು ನಂಗೆ ಕಳಿಸು ಅಂದೆ.