ಪೋರ್ಚುಗೀಸರು ಗೋವಾ ಹಿಡಿಯದೇ ಇದ್ದಿದ್ದರೆ? ಕಾರವಾರದಿಂದ ನನ್ನ ಉತ್ತರ

"ಪೋರ್ಚುಗೀಸರು ಗೋವಾ ಹಿಡಿಯದೇ ಇದ್ದಿದ್ದರೆ ನಮ್ಮ ಕರಾವಳಿ ಹೇಗಿರುತ್ತಿತ್ತು?" ಕಾರವಾರದಲ್ಲಿದ್ದು ಹಳೇ ಕೋಟೆ, ಹಳೇ ಬಂದರು ಅಂತ ತಿರುಗುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಬೆಂಗಳೂರಿನಿಂದ ಬಂದ ನೆಂಟರು ಕೇಳುತ್ತಾರೆ, ಶಿರಸಿ ಕಡೆಯ ಗೆಳೆಯರು ಕೇಳುತ್ತಾರೆ, ಮಾಜಾಳಿ ದಾಟಿ ಗೋವಾಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳುತ್ತಾರೆ. ಇದರ ಜೊತೆಗೇ ಇನ್ನೊಂದು ಬರುತ್ತದೆ: "ತಾಳಿಕೋಟೆಯಲ್ಲಿ ವಿಜಯನಗರ ಗೆದ್ದಿದ್ದರೆ?" ಎರಡಕ್ಕೂ ಸೇರಿಸಿ ಬರೆದುಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಬಹುದು.

ತಾಳಿಕೋಟೆ ಮೊದಲು ಮುಗಿಸೋಣ. 1565ರ ಜನವರಿಯಲ್ಲಿ ರಾಮರಾಯ ಗೆದ್ದಿದ್ದರೆ ಘಟ್ಟದ ಮೇಲೆ ಬಹಳ ಬದಲಾಗುತ್ತಿತ್ತು, ಸರಿ. ಕೆಳಗೆ ಕರಾವಳಿಯಲ್ಲಿ? ಅಷ್ಟೇನೂ ಇಲ್ಲ. ಸಮುದ್ರದ ಮೇಲೆ ಪೋರ್ಚುಗೀಸರನ್ನು ತಡೆಯುವಂಥ ಹಡಗುಪಡೆ ವಿಜಯನಗರಕ್ಕೆ ಇರಲಿಲ್ಲ, ಕಟ್ಟುವ ಆಸೆಯೂ ಕಾಣುವುದಿಲ್ಲ. ಅವರಿಗೆ ಬೇಕಾಗಿದ್ದು ಅರಬ್ ಕುದುರೆ. ಅದನ್ನು ತರುತ್ತಿದ್ದವರು ಪೋರ್ಚುಗೀಸರು. 1547ರಲ್ಲಿ ಈ ಕುದುರೆಗಳ ಸಲುವಾಗಿಯೇ ಇಬ್ಬರ ನಡುವೆ ಒಪ್ಪಂದ ಆಗಿತ್ತು. ಅಷ್ಟೇ ಅಲ್ಲ, ವಿಜಯನಗರ ಬಿದ್ದ ಮೇಲೆ ಗೋವಾದ ವ್ಯಾಪಾರಕ್ಕೂ ಪೆಟ್ಟು ಬಿತ್ತು. ಹಾಗಾಗಿ ವಿಜಯನಗರ ಗೆದ್ದಿದ್ದರೆ ಪೋರ್ಚುಗೀಸರು ಓಡಿಹೋಗುತ್ತಿದ್ದರು ಅನ್ನುವವರು ಲೆಕ್ಕವನ್ನು ತಲೆಕೆಳಗೆ ಮಾಡುತ್ತಿದ್ದಾರೆ. ಗೆದ್ದಿದ್ದರೆ ಪೋರ್ಚುಗೀಸರು ಇನ್ನೂ ಚೆನ್ನಾಗಿ ಬದುಕುತ್ತಿದ್ದರು.

ನನಗೆ ಕುತೂಹಲ ಇರುವುದು ಪೋರ್ಚುಗೀಸರು ಗೋವಾ ಹಿಡಿದ 1510ರ ಬಗ್ಗೆ. ಅಲ್ಲಿ ಇಡೀ ಕಥೆ ಒಬ್ಬ ಮನುಷ್ಯನ ಮಾತಿನ ಮೇಲೆ ನಿಂತಿದೆ, ಅವನು ನಮ್ಮ ಹೊನ್ನಾವರದವನು.

ಆ ವರ್ಷದ ಶುರುವಿನಲ್ಲಿ ಪೋರ್ಚುಗೀಸರ ಗವರ್ನರ್ ಅಲ್ಬುಕರ್ಕ್ ಹಡಗುಗಳನ್ನು ಕಟ್ಟಿಕೊಂಡು ಹೊರಟಿದ್ದು ಗೋವಾಕ್ಕಲ್ಲ. ಅವನ ಕಣ್ಣು ಇದ್ದದ್ದು ಕೆಂಪು ಸಮುದ್ರ, ಹೊರ್ಮುಜ್ ಕಡೆ. ದಾರಿಯಲ್ಲಿ ನಮ್ಮ ಕರಾವಳಿಯ ಹತ್ತಿರ ತಿಮ್ಮಯ್ಯ ಬಂದು ಸಿಕ್ಕಿದ. ಪೋರ್ಚುಗೀಸರ ಬರಹಗಳಲ್ಲಿ ಇವನು ತಿಮೋಜ. ಹೊನ್ನಾವರದ ಕಡೆಯ ಹಡಗುಗಳ ನಾಯಕ, ಅವರ ಕಣ್ಣಿಗೆ ಕಡಲ್ಗಳ್ಳ. ಅವನು ಹೇಳಿದ್ದು ಇಷ್ಟು: ಅಷ್ಟು ದೂರ ಯಾಕೆ ಹೋಗ್ತೀರಿ, ಬಿಜಾಪುರದ ಯೂಸುಫ್ ಆದಿಲ್ ಶಾ ಸತ್ತಿದ್ದಾನೆ, ಗೋವಾದಲ್ಲಿ ಈಗ ಕಾವಲು ಕಡಿಮೆ, ನಿಮ್ಮ ವೈರಿಗಳು ಅಲ್ಲೇ ಹೊಸ ಹಡಗು ಕಟ್ಟುತ್ತಿದ್ದಾರೆ, ಈಗಲೇ ಹೊಡೆಯಿರಿ. ಅಲ್ಬುಕರ್ಕ್ ಹಡಗು ತಿರುಗಿಸಿದ. ಗೋವಾ ಸುಲಭವಾಗಿ ಸಿಕ್ಕಿತು. ಮೇ ತಿಂಗಳಲ್ಲಿ ಯೂಸುಫನ ಮಗ ಇಸ್ಮಾಯಿಲ್ ಆದಿಲ್ ಶಾನ ದಂಡು ಬಂದು ಅವರನ್ನು ಊರಿನಿಂದ ಓಡಿಸಿತು. ಮಳೆಗಾಲ ಶುರುವಾಗಿದ್ದರಿಂದ ಹೊರಸಮುದ್ರಕ್ಕೆ ಹೋಗಲಾಗದೆ ಅವರು ಮಾಂಡೋವಿ ನದಿಯಲ್ಲೇ ಹಡಗಿನೊಳಗೆ ಹಸಿದುಕೊಂಡು ಕೂತರು. ನಮ್ಮ ಮಳೆ ಗೊತ್ತಲ್ಲ, ಜೂನ್, ಜುಲೈನಲ್ಲಿ ಅರಬ್ಬಿ ಸಮುದ್ರಕ್ಕೆ ಇಳಿಯುವ ಧೈರ್ಯ ಇವತ್ತಿನ ಬೋಟಿನವರಿಗೂ ಇಲ್ಲ. ಮಳೆ ಕಡಿಮೆಯಾದ ಮೇಲೆ ಹೊರಗೆ ಬಂದು, ಮತ್ತೆ ಬಲ ಸೇರಿಸಿಕೊಂಡು ನವೆಂಬರ್ 25ಕ್ಕೆ ಗೋವಾವನ್ನು ಎರಡನೇ ಸಲ ಹಿಡಿದರು. ಆ ಸಲವೂ ತಿಮ್ಮಯ್ಯ ಅವರ ಕಡೆಗೇ ಇದ್ದ.

ತಿಮ್ಮಯ್ಯನನ್ನು ದ್ರೋಹಿ ಅನ್ನುವವರು ಇದ್ದಾರೆ. ಸುಮ್ನೆ ಬಯ್ಯುವುದು ಸುಲಭ. ಅವನಿಗೆ ಭಾರತ ಅಂತ ಒಂದು ದೇಶ ಇರಲಿಲ್ಲ. ಇದ್ದದ್ದು ಹೊನ್ನಾವರ, ಗೇರುಸೊಪ್ಪೆ, ಮೇಲೆ ವಿಜಯನಗರ, ಎದುರಿಗೆ ಬಿಜಾಪುರ. ಗೋವಾ ಬಿಜಾಪುರದ ಕೈಯಲ್ಲಿದ್ದರೆ ಕುದುರೆ ವ್ಯಾಪಾರ ಅಲ್ಲಿಗೆ ಹೋಗುತ್ತದೆ, ಪೋರ್ಚುಗೀಸರ ಕೈಗೆ ಬಂದರೆ ತನಗೊಂದು ಪಾಲು ಸಿಗಬಹುದು. ಸಿಕ್ಕಿತು ಕೂಡ, ಗೋವಾ ಸುತ್ತಲಿನ ಭೂಮಿಯ ಕಂದಾಯ ಎತ್ತುವ ಗುತ್ತಿಗೆ ಅವನದಾಯಿತು. ಇನ್ನೊಂದು ವಿಷಯ ಮರೆಯಬಾರದು: 1505ರಲ್ಲಿ ಪೋರ್ಚುಗೀಸರ ವೈಸರಾಯ್ ಅಲ್ಮೇಡ ಹೊನ್ನಾವರದಲ್ಲಿ ಹಡಗುಗಳಿಗೆ ಬೆಂಕಿ ಇಟ್ಟಿದ್ದ. ಈ ಜನರ ತೋಪು ಏನು ಮಾಡುತ್ತದೆ ಅಂತ ತಿಮ್ಮಯ್ಯ ಕಣ್ಣಾರೆ ಕಂಡವನು. ಅದನ್ನು ಪಕ್ಕದ ಮನೆ ಕಡೆ ತಿರುಗಿಸಿದ, ಅಷ್ಟೇ.

ಈಗ ತಿಮ್ಮಯ್ಯ ಆ ದಿನ ಸಿಗಲಿಲ್ಲ ಅಂದುಕೊಳ್ಳಿ. ಬೇರೆ ಏನನ್ನೂ ಬದಲಿಸಬೇಡಿ. ಈ ಆಟದಲ್ಲಿ ನನ್ನ ನಿಯಮ ಇದೊಂದೇ, ಒಂದು ಕಲ್ಲು ಸರಿಸಿ ಉಳಿದದ್ದನ್ನು ಹಾಗೇ ಬಿಡಬೇಕು. ಪೋರ್ಚುಗೀಸರು ವಾಪಸ್ ಹೋಗುತ್ತಿರಲಿಲ್ಲ. ಕೊಚ್ಚಿಯಲ್ಲಿ ಅವರ ಕೋಟೆ ಆಗಲೇ ಇತ್ತು, ಮೆಣಸಿನ ರುಚಿ ಹತ್ತಿತ್ತು. ಈ ಭಾಗದಲ್ಲಿ ಅವರಿಗೆ ಒಂದು ನೆಲೆ ಬೇಕೇ ಬೇಕಿತ್ತು. ಎಲ್ಲಿ? ನಮ್ಮ ಬೀಚಿನಿಂದ ಕಾಣುವ ಅಂಜುದ್ವೀಪದಲ್ಲಿ 1505ರಲ್ಲೇ ಕೋಟೆ ಕಟ್ಟಿ, ಕಷ್ಟ ಅನ್ನಿಸಿ ಬಿಟ್ಟುಹೋಗಿದ್ದರು. ಭಟ್ಕಳದಲ್ಲಿ ಕೋಟೆಗೆ ಜಾಗ ಕೊಡಿ ಅಂತ ಅಲ್ಬುಕರ್ಕ್ ಕೃಷ್ಣದೇವರಾಯನ ಹತ್ತಿರ ದೂತನನ್ನೂ ಕಳಿಸಿದ್ದ. ಹಾಗಾದರೆ ಪೋರ್ಚುಗೀಸ್ ಇಂಡಿಯಾದ ರಾಜಧಾನಿ ಭಟ್ಕಳ! ಅಥವಾ ಹೊನ್ನಾವರ. ಗೋವಾ ಬಿಜಾಪುರದ ಕೆಳಗೇ ಉಳಿದು, ಆಮೇಲೆ ಮರಾಠರ ಕೈಗೆ, ಆಮೇಲೆ ಬ್ರಿಟಿಷರ ಮುಂಬೈ ಪ್ರಾಂತ್ಯಕ್ಕೆ ಹೋಗಿ, ಇವತ್ತು ರತ್ನಾಗಿರಿ, ಸಿಂಧುದುರ್ಗದ ಪಕ್ಕ ಇನ್ನೊಂದು ಶಾಂತ ಜಿಲ್ಲೆ ಆಗಿರುತ್ತಿತ್ತು. ವೀಕೆಂಡಿಗೆ ಬೆಂಗಳೂರಿನವರು ಎಲ್ಲಿಗೆ ಹೋಗುತ್ತಿದ್ದರೋ ಗೊತ್ತಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ಮಜವಾಗಿರುತ್ತದೆ, ಆದರೆ ಕಥೆ ಇನ್ನೂ ಇದೆ. ಹಳೇ ಗೋವಾ ಇರುವ ಜಾಗ ನೀರಿನ ನಡುವಿನ ನಡುಗಡ್ಡೆ. ಒಂದು ಕಡೆ ಮಾಂಡೋವಿ, ಇನ್ನೊಂದು ಕಡೆ ಜುವಾರಿ, ಹಿಂದೆ ಖಾರಿ. ಘಟ್ಟ ಇಳಿದು ಬಂದ ದಂಡು ನೀರು ದಾಟಬೇಕು. ಭಟ್ಕಳಕ್ಕೆ ಅಂಥ ರಕ್ಷಣೆ ಇಲ್ಲ. ಹೊನ್ನಾವರಕ್ಕೆ ಶರಾವತಿ ಒಂದು ಬದಿಗೆ ಮಾತ್ರ. ಹೊನ್ನಾವರದಲ್ಲಿ ಏನಾಯಿತು ಅಂತ ನಮಗೆ ಗೊತ್ತೇ ಇದೆ, ಊಹೆ ಮಾಡಬೇಕಾಗಿಲ್ಲ. 1560ರ ದಶಕದ ಕೊನೆಗೆ ಪೋರ್ಚುಗೀಸರು ಅದನ್ನು ಹಿಡಿದು ಕೋಟೆ ಮಾಡಿಕೊಂಡರು. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಇಳಿದು ಬಂದು ಹೊನ್ನಾವರ, ಗಂಗೊಳ್ಳಿ ಅಂತ ಒಂದೊಂದೇ ಕೋಟೆ ಕಿತ್ತುಕೊಂಡ. ಆಗ ಗೋವಾ ಇದ್ದುದರಿಂದ ಪೋರ್ಚುಗೀಸರು ಉಳಿದರು. ಗೋವಾ ಇಲ್ಲದೆ ಹೊನ್ನಾವರವೇ ರಾಜಧಾನಿ ಆಗಿದ್ದರೆ? ಶಿವಪ್ಪ ನಾಯಕನ ಕಾಲಕ್ಕೆ ಈ ಕರಾವಳಿಯಲ್ಲಿ ಅವರ ಆಟ ಮುಗಿಯುತ್ತಿತ್ತು. 1961ರ ಡಿಸೆಂಬರಿನಲ್ಲಿ ಭಾರತದ ಸೈನ್ಯಕ್ಕೆ ಇಲ್ಲಿ ಬಿಡಿಸಲು ಏನೂ ಇರುತ್ತಿರಲಿಲ್ಲ. ಅಂಜುದ್ವೀಪಕ್ಕೆ ಇಳಿಯುವಾಗ ತ್ರಿಶೂಲ್ ಹಡಗಿನ ಏಳು ನಾವಿಕರು ಜೀವ ಕೊಡಬೇಕಾಗಿಯೂ ಇರಲಿಲ್ಲ.

ಹಾಗಂತ ಕೆಳದಿಯವರು ಸಮುದ್ರ ಆಳುತ್ತಿದ್ದರು ಅಂತ ನಾನು ಹೇಳುವುದಿಲ್ಲ. ಕೋಟೆ ಕಿತ್ತುಕೊಂಡ ಮೇಲೂ ಅವರು ಪೋರ್ಚುಗೀಸರ ಜೊತೆ ಒಪ್ಪಂದ ಮಾಡಿಕೊಂಡು ವಖಾರಿಗೆ, ಅಂದರೆ ಸರಕಿಟ್ಟು ವ್ಯಾಪಾರ ಮಾಡುವ ಕೋಠಿಗೆ, ಜಾಗ ಕೊಟ್ಟರು. ಯಾಕೆ? ನಮ್ಮ ಕಡೆಯ ಅಕ್ಕಿಯನ್ನು ಗೋವಾ ಕೊಳ್ಳುತ್ತಿತ್ತು, ಮೆಣಸಿಗೂ ಗಿರಾಕಿ ಬೇಕಿತ್ತು. ಇದಕ್ಕೆ ಮುಂಚೆ, ಪೋರ್ಚುಗೀಸರೇ ಮೆಣಸಿನ ರಾಣಿ ಅಂತ ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿ ಅವರ ಜೊತೆ ದಶಕಗಳ ಕಾಲ ಜಗಳ, ವ್ಯಾಪಾರ ಎರಡನ್ನೂ ಮಾಡಿದಳು. ಕೊನೆಗೆ ಅವಳನ್ನು ಸೆರೆ ಹಿಡಿದವರು ಅವರಲ್ಲ, ಬಿಳಗಿಯವರ ಜೊತೆ ಸೇರಿದ ಇದೇ ಕೆಳದಿಯವರು. ಇಲ್ಲಿನ ರಾಜರು ತಮ್ಮತಮ್ಮಲ್ಲೇ ಹೊಡೆದಾಡುವಾಗ ಸಮುದ್ರದಿಂದ ಯಾರಾದರೂ ಬಂದೇ ಬರುತ್ತಿದ್ದರು. ಪೋರ್ಚುಗೀಸರು ಹೋದರೆ ಡಚ್ಚರು. ಅವರ ವಖಾರಿ ಆಗಲೇ ವೆಂಗುರ್ಲೆಯಲ್ಲಿತ್ತು, 1663ರಲ್ಲಿ ಕೊಚ್ಚಿಯನ್ನೂ ತೆಗೆದುಕೊಂಡರು. ಇಂಗ್ಲಿಷರು 1638ರಿಂದಲೇ ಕಾರವಾರದಲ್ಲಿ ವಖಾರಿ ಇಟ್ಟು ಮೆಣಸು, ಹುಬ್ಬಳ್ಳಿ ಕಡೆಯ ಬಟ್ಟೆ ಕೊಳ್ಳುತ್ತಿದ್ದರು. ಅಂದರೆ ಯಾರದೋ ಬಾವುಟ ಹಾರುತ್ತಿತ್ತು. ಯಾರದು ಅನ್ನುವುದು ಮಾತ್ರ ಬದಲಾಗುತ್ತಿತ್ತು.

ಆದರೆ ಜನ ಬದಲಾಗುತ್ತಿದ್ದರು, ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 1560ರಲ್ಲಿ ಗೋವಾದಲ್ಲಿ ಇನ್‌ಕ್ವಿಸಿಷನ್, ಅಂದರೆ ಚರ್ಚಿನ ಮಾತಿಗೆ ವಿರುದ್ಧ ನಡೆದವರನ್ನು ಹಿಡಿದು ಶಿಕ್ಷಿಸುವ ನ್ಯಾಯಾಲಯ, ಶುರುವಾಯಿತು. ಅದಕ್ಕೂ, ತೆರಿಗೆಗೂ, ಯುದ್ಧಕ್ಕೂ ಬೇಸತ್ತು ದಕ್ಷಿಣಕ್ಕೆ ಬಂದ ಕೊಂಕಣಿ ಕುಟುಂಬಗಳು, ಹಿಂದೂಗಳೂ ಕ್ರೈಸ್ತರೂ, ಅಂಕೋಲಾ, ಕುಮಟಾ, ಹೊನ್ನಾವರದಿಂದ ಮಂಗಳೂರಿನ ತನಕ ಹರಡಿದ್ದಾರೆ. ಅಂಜುದ್ವೀಪದ ಆರ್ಯಾದುರ್ಗೆ ಅಂಕೋಲಾಕ್ಕೆ ಬಂದದ್ದು ಪೋರ್ಚುಗೀಸರ ಕಾಟದಿಂದ ಅಂತ ಇಲ್ಲಿಯವರು ಹೇಳುತ್ತಾರೆ. ಕಾರವಾರದ ಸುತ್ತ ಕೊಂಕಣಿ ಮೊದಲೂ ಇತ್ತು, ನಿಜ. ಆದರೆ 1510 ಅಳಿಸಿದರೆ ಈ ಪ್ರಶ್ನೆ ಕೇಳುವವರಲ್ಲಿ ಎಷ್ಟೋ ಮಂದಿಯ ಮನೆತನ ಇಲ್ಲಿ ಇರುತ್ತಲೇ ಇರಲಿಲ್ಲ.

ನನ್ನನ್ನು ಕೇಳಿದರೆ ಕಾರವಾರದ ದೊಡ್ಡ "ಆಗಿದ್ದರೆ" ಯುದ್ಧದಲ್ಲಿಲ್ಲ, ರೈಲಿನಲ್ಲಿದೆ. ಇದನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳಬೇಕು. 1861ರಲ್ಲಿ ಅಮೆರಿಕದಲ್ಲಿ ಒಳಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತು. ಎಲ್ಲರ ಕಣ್ಣು ಧಾರವಾಡ, ಹುಬ್ಬಳ್ಳಿಯ ಹತ್ತಿ ಮೇಲೆ ಬಿತ್ತು. ಅದನ್ನು ಹಡಗಿಗೆ ಹಾಕಲು ಹತ್ತಿರದ ಒಳ್ಳೇ ಬಂದರು ನಮ್ಮ ಕಾಳಿ ನದಿಯ ಬಾಯಿ. 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸ್ ಪ್ರಾಂತ್ಯದಿಂದ ಕಿತ್ತು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಈ ಬಂದರಿನ ಲೆಕ್ಕ ಇತ್ತು. ಘಟ್ಟದ ರಸ್ತೆ ಆಯಿತು. ರೈಲಿನ ಮಾತೂ ಬಹಳ ನಡೆಯಿತು. ಅಷ್ಟರಲ್ಲಿ 1865ಕ್ಕೆ ಅಮೆರಿಕದ ಯುದ್ಧ ಮುಗಿದು ಹತ್ತಿಯ ಬೆಲೆ ಬಿತ್ತು, ಉತ್ಸಾಹವೂ ತಣ್ಣಗಾಯಿತು. 1878ರಲ್ಲಿ ಬ್ರಿಟಿಷರು ಪೋರ್ಚುಗೀಸರ ಜೊತೆ ಒಪ್ಪಂದ ಮಾಡಿಕೊಂಡು, 1880ರ ದಶಕದಲ್ಲಿ ಕ್ಯಾಸಲ್‌ರಾಕ್ ಮೇಲಿಂದ ಮಾರ್ಮಗೋವಾಕ್ಕೆ ರೈಲು ಇಳಿಸಿದರು. ಹುಬ್ಬಳ್ಳಿಯ ಸರಕು ಆ ಕಡೆ ಹೋಯಿತು. ಕಾರವಾರದ ವ್ಯಾಪಾರ ಕುಸಿಯಿತು.

ಆ ಹಳಿ ಆರಬೈಲ್ ಘಟ್ಟ ಇಳಿದು ನಮ್ಮ ಕಡೆ ಬಂದಿದ್ದರೆ, ಬೈತಖೋಲದಿಂದ ಅರ್ಗಾದ ತನಕ ಗೋದಾಮು, ಗಿರಣಿ, ಚಾಳುಗಳು ಆಗಲೇ ತುಂಬಿಹೋಗಿರುತ್ತಿದ್ದವು. ಗಲೀಜೂ ಜಾಸ್ತಿ ಇರುತ್ತಿತ್ತು ಬಿಡಿ. ಆಗ ನೌಕಾಪಡೆಗೆ ಇಲ್ಲಿ ಖಾಲಿ ಕೊಲ್ಲಿ ಸಿಗುತ್ತಿತ್ತಾ, ಅದರ ನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ಅರ್ಗಾ, ಬಿಣಗಾ, ಚೆಂಡಿಯಾದ ಜನ ಮನೆ ಬಿಡಬೇಕಾಗುತ್ತಿತ್ತಾ? ನನಗೇನೋ ಇಲ್ಲ ಅನ್ನಿಸುತ್ತದೆ. ಇದಕ್ಕೆ ಗೋವಾದ ಗೆಳೆಯರು ತಕರಾರು ತೆಗೆಯುತ್ತಾರೆ, ಮಾರ್ಮಗೋವಾವೇ ಒಳ್ಳೇ ಬಂದರು, ರೈಲು ಅಲ್ಲಿಗೆ ಹೋಗಿದ್ದು ಸರಿ ಅನ್ನುತ್ತಾರೆ. ಇರಬಹುದು. ಆದರೆ ಹುಬ್ಬಳ್ಳಿ–ಅಂಕೋಲಾ ರೈಲಿಗೆ ನಾವು ಇವತ್ತಿಗೂ ಕಾಯುತ್ತಿದ್ದೇವೆ, ಅವರು ಕಾಯುತ್ತಿಲ್ಲ.